ಮೆದುಳಿಗೆ ಕಾಯಿಲ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ: ಇಂಬಳ ಕಚ್ಚಿದರೆ ಮಾತ್ರೆ ನಿಲ್ಲಿಸಬೇಕೇ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅತ್ತೆಯವರಿಗೆ 56 ವರ್ಷ. ನಮ್ಮದು ತೀರ್ಥಹಳ್ಳಿಯಿಂದ ಒಳಗೆ ತೋಟದ ಮನೆ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವರು "ತಲೆ ಸಿಡೀತು" ಎಂದು ಕೂಗಿ ಅಲ್ಲೇ ಕುಸಿದರು. ಮೆದುಳಿನ ರಕ್ತನಾಳದಲ್ಲಿ ಅನ್ಯೂರಿಸಂ ಎಂಬ ಗುಳ್ಳೆ ಒಡೆದಿದೆ ಎಂದು ಹೇಳಿ ತೊಡೆಸಂದಿನಿಂದ ಕಾಯಿಲ್ ಹಾಕಿದರು. ಆಗಲೇ ಒಡೆಯದ ಇನ್ನೊಂದು ಗುಳ್ಳೆಯೂ ಕಂಡಿತು. ಅದಕ್ಕೆ ಜೂನ್‌ನಲ್ಲಿ ಮತ್ತೆ ಕರೆಸಿ ಫ್ಲೋ ಡೈವರ್ಟರ್ ಎಂಬ ಬಲೆ ಕೂರಿಸಿದರು. ಈಗ ಆರು ವಾರ ಆಯಿತು. ದಿನಾ ಸಣ್ಣಗೆ ತಲೆನೋವು, ವಿಪರೀತ ಸುಸ್ತು. ತಲೆಯ ಹಿಂಭಾಗದಲ್ಲಿ ಅಂಗೈ ಅಗಲ ಕೂದಲು ಉದುರಿದೆ. ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ, ಸುಮ್ಮಸುಮ್ಮನೆ ಅಳುತ್ತಾರೆ. ಮೊನ್ನೆ ತೋಟದಲ್ಲಿ ಇಂಬಳ (ಜಿಗಣೆ) ಕಚ್ಚಿದ್ದು ಎರಡು ಗಂಟೆ ರಕ್ತ ನಿಲ್ಲಲಿಲ್ಲ. ರಕ್ತ ತೆಳು ಮಾಡುವ ಎರಡೂ ಮಾತ್ರೆ ನಿಲ್ಲಿಸಿಬಿಡೋಣ ಎಂದು ಮಾವ ಹಟ ಹಿಡಿದಿದ್ದಾರೆ. ತಲೆ ತೆರೆದು ಆಪರೇಷನ್ ಮಾಡಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು ಎಂದೂ ಅನ್ನುತ್ತಾರೆ. ಇದರಲ್ಲಿ ಯಾವುದು ಸಹಜ, ಯಾವುದಕ್ಕೆ ಹೆದರಬೇಕು? ಇನ್ನೊಂದು ಸಣ್ಣ ಪ್ರಶ್ನೆ: ಹೂ ಮುಡಿಯಬಹುದಾ ಎಂದು ಅತ್ತೆ ಕೇಳುತ್ತಿದ್ದಾರೆ.

ಉತ್ತರ: ಮೊದಲು ಮಾತ್ರೆಯ ವಿಷಯ. ನಿಲ್ಲಿಸಬೇಡಿ. ಇವತ್ತಿನ ಮಾತ್ರೆ ಇನ್ನೂ ಕೊಟ್ಟಿಲ್ಲ ಎಂದಾದರೆ ಕೊಟ್ಟು ಬಂದು ಆಮೇಲೆ ಮುಂದೆ ಓದಿ. ಒಂದೆರಡು ದಿನ ಈಗಾಗಲೇ ತಪ್ಪಿದ್ದರೆ ಅದನ್ನು ಮುಚ್ಚಿಡದೆ, ಬಲೆ ಹಾಕಿದ ಆಸ್ಪತ್ರೆಗೆ ಈಗಲೇ ಫೋನ್ ಮಾಡಿ ಹೇಳಿ. ತಪ್ಪಿದ್ದನ್ನು ಸರಿದೂಗಿಸಲು ನೀವಾಗಿಯೇ ಎರಡರಷ್ಟು ಕೊಡಬೇಡಿ. ಎಷ್ಟು ಕೊಡಬೇಕೆಂದು ಅವರೇ ಹೇಳುತ್ತಾರೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದು ನಿಮ್ಮ ಮಾವನವರಿಗೆ ಅರ್ಥವಾಗಬೇಕಾದರೆ ಅಬ್ಬಿ ನೀರಿನ ಪೈಪನ್ನು ನೆನೆಸಿಕೊಳ್ಳಲಿ. ಗುಡ್ಡದಿಂದ ಮನೆಗೆ ನೀರು ತರುವ ಪೈಪು ಎಲ್ಲಿ ಉಬ್ಬುತ್ತದೆ? ನೇರವಾಗಿ ಹರಿಯುವ ಕಡೆ ಅಲ್ಲ, ಕವಲೊಡೆಯುವ ಕಡೆ, ನೀರು ಬಂದು ಬಡಿಯುವ ಜಾಗದಲ್ಲಿ. ಮೆದುಳಿನ ಬುಡದಲ್ಲೂ ರಕ್ತನಾಳಗಳು ಕವಲಾಗುವ ಕಡೆಯೇ ಗೋಡೆ ಸೋತು ಗುಳ್ಳೆಯಾಗುತ್ತದೆ. ಅದೇ ಅನ್ಯೂರಿಸಂ. ಒಡೆದ ಗುಳ್ಳೆಯೊಳಗೆ ಕೂದಲಿನಂಥ ಪ್ಲಾಟಿನಂ ತಂತಿಯನ್ನು ಸುರುಳಿ ಸುರುಳಿಯಾಗಿ ತುಂಬಿದರು. ಅದೇ ಕಾಯಿಲ್. ರಕ್ತ ಒಳಗೆ ನುಗ್ಗದೆ ಅಲ್ಲೇ ಹೆಪ್ಪುಗಟ್ಟಿ ಗುಳ್ಳೆ ಮುಚ್ಚಿತು. ಎರಡನೆಯದಕ್ಕೆ ಮಾಡಿದ್ದು ಬೇರೆ. ಅಲ್ಲಿ ಗುಳ್ಳೆಯ ಒಳಕ್ಕೆ ಏನನ್ನೂ ತುಂಬಲಿಲ್ಲ. ಗುಳ್ಳೆಯ ಬಾಯಿಗೆ ಅಡ್ಡಲಾಗಿ ರಕ್ತನಾಳದ ಒಳಗೇ ತೀರಾ ನವುರಾದ ಲೋಹದ ಬಲೆಯ ಕೊಳವೆ ಕೂರಿಸಿದರು. ರಕ್ತ ಗುಳ್ಳೆಯ ಕಡೆ ತಿರುಗದೆ ನೇರ ಹರಿಯುತ್ತದೆ. ನೀರಾಡದ ಮೂಲೆಯಲ್ಲಿ ಹೂಳು ಕೂರುವ ಹಾಗೆ ಗುಳ್ಳೆಯಲ್ಲಿ ರಕ್ತ ನಿಧಾನವಾಗಿ ಹೆಪ್ಪಾಗಿ, ತಿಂಗಳುಗಟ್ಟಲೆ ಹಿಡಿದು ಮುಚ್ಚುತ್ತದೆ. ಬಲೆಯ ಮೇಲೂ ರಕ್ತನಾಳದ ಒಳಪದರ ಮೆಲ್ಲಗೆ ಬೆಳೆದು ಹೊದ್ದುಕೊಳ್ಳುತ್ತದೆ.

ಆ ಹೊದಿಕೆ ಬೆಳೆಯುವವರೆಗೆ ಬಲೆ ಎಂದರೆ ರಕ್ತದ ದಾರಿಯಲ್ಲಿ ಬರಿ ಲೋಹ. ರಕ್ತದ ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಬರಿ ಲೋಹ ಕಂಡ ಕಡೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿ ಹೆಪ್ಪಾದರೆ ಬಲೆಯೇ ಮುಚ್ಚಿಹೋಗಬಹುದು, ಇಲ್ಲವೇ ಹೆಪ್ಪಿನ ಚೂರು ಮುಂದಕ್ಕೆ ಹೋಗಿ ಮೆದುಳಿನ ಒಂದು ಭಾಗಕ್ಕೆ ರಕ್ತ ನಿಲ್ಲಬಹುದು. ಅದೇ ಲಕ್ವ. ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎಂಬ ಆ ಎರಡು ಮಾತ್ರೆ ಪ್ಲೇಟ್‌ಲೆಟ್‌ಗಳನ್ನು ಅಂಟಲು ಬಿಡುವುದಿಲ್ಲ. ಸಾಮಾನ್ಯವಾಗಿ ಎರಡನ್ನೂ ಮೂರರಿಂದ ಆರು ತಿಂಗಳು, ಆಮೇಲೆ ಆಸ್ಪಿರಿನ್ ಒಂದನ್ನೇ ಬಹಳ ಕಾಲ ಕೊಡುತ್ತಾರೆ. ಯಾವಾಗ ಯಾವುದನ್ನು ಬಿಡಬೇಕು ಎಂಬುದನ್ನು ಬಲೆ ಹಾಕಿದ ವೈದ್ಯರು ಆಂಜಿಯೋಗ್ರಾಂ (ರಕ್ತನಾಳದ ಎಕ್ಸ್-ರೇ ಚಿತ್ರ) ನೋಡಿ ನಿರ್ಧರಿಸಬೇಕು. ಊರಿನ ಮೆಡಿಕಲ್ ಶಾಪ್ ಅಲ್ಲ, ಹಲ್ಲಿನ ಡಾಕ್ಟರೂ ಅಲ್ಲ, ನಾನೂ ಅಲ್ಲ.

ನನ್ನಲ್ಲಿಗೆ ಬಂದ ಒಬ್ಬ ಅಡಿಕೆ ಬೆಳೆಗಾರರ ಕಥೆ ಹೇಳುತ್ತೇನೆ. ಅವರಿಗೂ ಇಂಥದೇ ಬಲೆ. ಎರಡು ತಿಂಗಳಾಗಿತ್ತು, ಆರಾಮಾಗಿದ್ದರು. ಹಲ್ಲು ಕೀಳಿಸಬೇಕೆಂದು ಹೋದಾಗ ರಕ್ತ ಬರುತ್ತದೆ, ಮಾತ್ರೆ ಬಿಟ್ಟು ಬನ್ನಿ ಎಂದರಂತೆ. ಎರಡನ್ನೂ ಬಿಟ್ಟರು. ಆರನೇ ದಿನ ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಲೋಟ ಬಲಗೈಯಿಂದ ಜಾರಿತು. ಹೆಂಡತಿ ಏನಾಯ್ತು ಎಂದು ಕೇಳಿದರೆ ಬಾಯಿ ಆಡುತ್ತಿದೆ, ಮಾತು ಹೊರಡುತ್ತಿಲ್ಲ. ಜೀವ ಉಳಿಯಿತು, ಮಾತು ಮುಕ್ಕಾಲು ಪಾಲು ಮರಳಿತು. ಆದರೆ ಇವತ್ತಿಗೂ ಮೆಟ್ಟುಗತ್ತಿಯ ಮುಂದೆ ಕೂತರೆ ಬಲಗೈಯಲ್ಲಿ ಅಡಿಕೆ ನಿಲ್ಲುವುದಿಲ್ಲ. ಹಲ್ಲು ಕೀಳಿಸುವುದನ್ನು ನಾಲ್ಕು ತಿಂಗಳು ಮುಂದೂಡಬಹುದಿತ್ತು. ತುರ್ತೇ ಇದ್ದರೆ ಮಾತ್ರೆ ಮುಂದುವರಿಸಿಕೊಂಡೇ ಕಿತ್ತು, ಹತ್ತಿ ಒತ್ತಿ, ಹೊಲಿಗೆ ಹಾಕಿ ರಕ್ತ ನಿಲ್ಲಿಸಬಹುದಿತ್ತು. ಅವರ ಮನೆಯಲ್ಲಿ ಯಾರಿಗೂ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿರಲಿಲ್ಲ. ಇಂಗ್ಲಿಷಿನ ಡಿಸ್ಚಾರ್ಜ್ ಕಾಗದ ಮಾತ್ರ ಕೈಗೆ ಕೊಟ್ಟಿದ್ದರು. ಆ ಮನುಷ್ಯ ನನ್ನೆದುರು ಎಡಗೈಯಲ್ಲಿ ಸಹಿ ಮಾಡಲು ಹೆಣಗಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನಿಮಗೆ ಇಷ್ಟು ಉದ್ದ ಬರೆಯಲು ಅದೂ ಒಂದು ಕಾರಣ.

ಇನ್ನು ಇಂಬಳ. ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಬಗೆಯ ರಸವನ್ನು ಗಾಯಕ್ಕೆ ಬಿಡುತ್ತದೆ. ಯಾವ ಮಾತ್ರೆಯೂ ಇಲ್ಲದವರಿಗೇ ಮಳೆಗಾಲದಲ್ಲಿ ಪಾದದಿಂದ ರಕ್ತ ಸೋರಿ ಸಾಕ್ಸ್ ಒದ್ದೆಯಾಗುವುದು ಮಲೆನಾಡಿನವರಿಗೆ ಹೊಸದಲ್ಲ. ಎರಡು ಮಾತ್ರೆ ಸೇವಿಸುವವರಿಗೆ ಇನ್ನಷ್ಟು ಹೊತ್ತು ಸೋರುತ್ತದೆ. ಸುಣ್ಣ ಹಚ್ಚಿ ಚರ್ಮ ಸುಡಿಸಬೇಡಿ. ಸೋಪು ನೀರಲ್ಲಿ ತೊಳೆದು, ಶುಭ್ರ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಬಾರದು. ನೋಡಿದಷ್ಟು ಸಲವೂ ಆಗತಾನೇ ಕೂತ ಹೆಪ್ಪು ಕಿತ್ತು ಬರುತ್ತದೆ. ಹಾಗೆ ಒಂದು ಗಂಟೆ ಸರಿಯಾಗಿ ಒತ್ತಿಯೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಮೈಮೇಲೆ ಅಲ್ಲಲ್ಲಿ ನೀಲಿ ಕಲೆ, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತದ ಗೆರೆ, ಇವು ಮಾತ್ರೆ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ, ರಕ್ತದ ವಾಂತಿ, ಮೂತ್ರದಲ್ಲಿ ರಕ್ತ, ಇವು ಹಾಗಲ್ಲ. ಅದೇ ದಿನ ವೈದ್ಯರಿಗೆ ತೋರಿಸಬೇಕು. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಅದನ್ನೂ ಹೇಳಿ. ಈ ಮಳೆಗಾಲ ಕಳೆಯುವವರೆಗೆ ಅತ್ತೆಯವರು ತೋಟಕ್ಕೆ ಇಳಿಯದಿದ್ದರೆ ಒಳ್ಳೆಯದು. ಇಂಬಳಕ್ಕಿಂತ ನನಗೆ ಪಾಚಿಗಟ್ಟಿದ ಸಾರದ (ಕಾಲುಸಂಕದ) ಮೇಲೆ ಜಾರಿ ಬೀಳುವ ಭಯ ಹೆಚ್ಚು. ಈ ಮಾತ್ರೆ ತಿನ್ನುವವರ ತಲೆಗೆ ಪೆಟ್ಟು ಬಿದ್ದರೆ, ಹೊರಗೆ ಗಾಯವೇ ಕಾಣದಿದ್ದರೂ, ಸಿ.ಟಿ. ಸ್ಕ್ಯಾನ್ ಮಾಡಿಸಲೇಬೇಕು.

ಜ್ವರದ ಬಗ್ಗೆ ನಮ್ಮ ಜಿಲ್ಲೆಯವರಿಗೆ ಬೇರೆಯಾಗಿಯೇ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವರಿಗೆ ವಸಡು, ಮೂಗು, ಕರುಳಿನಿಂದ ರಕ್ತ ಬರುತ್ತದೆ. ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಒಂದು ಕಡೆ ಪ್ಲೇಟ್‌ಲೆಟ್ ಅಂಟದಂತೆ ಮಾಡುವ ಎರಡು ಮಾತ್ರೆ, ಇನ್ನೊಂದು ಕಡೆ ಅದನ್ನೇ ಕಡಿಮೆ ಮಾಡುವ ಜ್ವರ. ಇವು ಒಟ್ಟಿಗೆ ಬಂದರೆ ಮನೆಯಲ್ಲಿ ಕೂತು ಕಾಯುವಂತಿಲ್ಲ. ಈಗ ಮಳೆಗಾಲ, ಡೆಂಗಿಯ ಕಾಲ. ಡಿಸೆಂಬರ್ ಹೊತ್ತಿಗೆ ಮಂಗನ ಕಾಯಿಲೆ ಹರಡುವ ಉಣುಗಿನ ಕಾಲ ಶುರುವಾಗಿ ಮೇವರೆಗೂ ಇರುತ್ತದೆ. ಜ್ವರ ಕಾಣಿಸಿದ ಮೊದಲ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಯಿಬಿಟ್ಟು ಹೇಳಿ: ಮೆದುಳಿನಲ್ಲಿ ಬಲೆ ಇದೆ, ಎರಡು ಮಾತ್ರೆ ನಡೆಯುತ್ತಿದೆ ಎಂದು. ಪ್ಲೇಟ್‌ಲೆಟ್ ನಿಜಕ್ಕೂ ಇಳಿದಿದ್ದರೆ ಮಾತ್ರೆಯನ್ನು ಏನು ಮಾಡಬೇಕೆಂದು ಅಲ್ಲಿಯ ವೈದ್ಯರು ಬಲೆ ಹಾಕಿದವರ ಜೊತೆ ಮಾತಾಡಿ ತೀರ್ಮಾನಿಸಲಿ. ಜ್ವರಕ್ಕೂ ತಲೆನೋವಿಗೂ ಪ್ಯಾರಸಿಟಮಾಲ್ ಒಂದೇ ಸಾಕು. ಅಂಗಡಿಯಲ್ಲಿ ಮೈಕೈ ನೋವಿಗೆ ಎಂದು ಬಿಡಿಯಾಗಿ ಕೊಡುವ ಮಾತ್ರೆಗಳಲ್ಲಿ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಇರುವುದೇ ಹೆಚ್ಚು. ಇವು ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರಬಹುದು. ಗ್ಯಾಸಿನ ಮಾತ್ರೆಯಲ್ಲೂ ಎಚ್ಚರ ಬೇಕು. ಒಮೆಪ್ರಜೋಲ್, ಎಸೊಮೆಪ್ರಜೋಲ್ ಇವೆರಡು ಕ್ಲೊಪಿಡೊಗ್ರೆಲ್‌ನ ಬಲ ತಗ್ಗಿಸುತ್ತವೆ. ಪ್ಯಾಂಟೊಪ್ರಜೋಲ್‌ನಿಂದ ಆ ತೊಂದರೆ ಅಷ್ಟಾಗಿ ಇಲ್ಲ. ನೀವು ಮನೆಯಲ್ಲಿ ಮಾಡುವ ಜೀರಿಗೆ, ಕೊತ್ತಂಬರಿ, ಕಾಳುಮೆಣಸಿನ ಕಷಾಯ ಧಾರಾಳವಾಗಿ ಕೊಡಿ. ಆದರೆ ಒಳಗೇನಿದೆ ಎಂದು ಗೊತ್ತಿಲ್ಲದ ಪುಡಿ, ಲೇಹ್ಯ ಬೇಡ.

ಈಗ ತಲೆನೋವು. ಕಾಯಿಲ್ ಆದ ಮೇಲೆ, ಬಲೆ ಹಾಕಿದ ಮೇಲೆ ತಲೆನೋವು ಬರುವುದು ಸಾಮಾನ್ಯ. ಗುಳ್ಳೆಯೊಳಗೆ ರಕ್ತ ಹೆಪ್ಪಾಗುವಾಗ ಅದರ ಗೋಡೆಯಲ್ಲಿ ಸ್ವಲ್ಪ ಉರಿಯೂತ ಏಳುತ್ತದೆ, ಗೋಡೆ ಎಳೆದಂತಾಗುತ್ತದೆ. ರಕ್ತನಾಳದ ಗೋಡೆಗೆ ನೋವು ಗೊತ್ತಾಗುತ್ತದೆ. ಮೆದುಳಿಗೆ ಗೊತ್ತಾಗುವುದಿಲ್ಲ. ನೀವು ಬರೆದ ಸಣ್ಣ ನೋವು ವಾರದಿಂದ ವಾರಕ್ಕೆ ಇಳಿಮುಖವಾಗಿದ್ದರೆ ಚಿಂತೆ ಬೇಡ. ಒಂದು ಹಳೆಯ ಕ್ಯಾಲೆಂಡರ್ ತೆಗೆದುಕೊಂಡು ದಿನಾ ಸಂಜೆ ನೋವು ಹತ್ತರಲ್ಲಿ ಎಷ್ಟು ಎಂದು ಅತ್ತೆಯವರನ್ನು ಕೇಳಿ ಅಂಕಿ ಬರೆದಿಡಿ. "ಇದೆ, ಇದೆ" ಎನ್ನುವವರ ಅಂಕಿ ಆರರಿಂದ ಎರಡಕ್ಕೆ ಇಳಿದಿರುವುದು ಎಷ್ಟೋ ಸಲ ಬರೆದಿಟ್ಟಾಗಲೇ ಗೊತ್ತಾಗುತ್ತದೆ. ಅಂಕಿ ಏರುತ್ತಾ ಹೋದರೆ ಕಾಯಬೇಡಿ. ಬಲೆ ಹಾಕಿದ ಮೇಲೂ ಗುಳ್ಳೆ ಒಡೆಯುವುದು ಅಪರೂಪಕ್ಕೆ ಉಂಟು, ಹೆಚ್ಚಾಗಿ ಮೊದಲ ತಿಂಗಳೊಳಗೆ. ನೀವು ಆ ಹೊತ್ತನ್ನು ದಾಟಿದ್ದೀರಿ, ಅದು ಸಮಾಧಾನದ ಸಂಗತಿ. ಇನ್ನೂ ಅಪರೂಪವಾಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ತೊಡೆಸಂದಿನಿಂದ ತೂರಿಸಿದ ನಳಿಕೆಯ ಮೇಲ್ಪದರದ ಸೂಕ್ಷ್ಮ ಚೂರುಗಳಿಗೆ ಮೆದುಳು ಕೆರಳಿ ಅಲ್ಲಲ್ಲಿ ಊತ ಬರುತ್ತದೆ. ಆಗ ತಲೆನೋವು ಹೆಚ್ಚಾಗುತ್ತದೆ, ಫಿಟ್ಸ್ ಬರಬಹುದು. ಎಂ.ಆರ್.ಐ.ನಲ್ಲಿ ಗೊತ್ತಾಗುತ್ತದೆ, ಸ್ಟೀರಾಯ್ಡ್‌ಗೆ ಸಾಮಾನ್ಯವಾಗಿ ಬಗ್ಗುತ್ತದೆ.

ಆದರೆ ಏಪ್ರಿಲ್‌ನಲ್ಲಿ ಕೊಟ್ಟಿಗೆಯಲ್ಲಿ ಬಂತಲ್ಲ, ಕ್ಷಣಾರ್ಧದಲ್ಲಿ ಸಿಡಿಲು ಹೊಡೆದಂಥ ನೋವು, ಅದು ಮತ್ತೆ ಬಂದರೆ ಕ್ಯಾಲೆಂಡರ್ ಹುಡುಕುತ್ತಾ ಕೂರಬೇಡಿ. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಅಥವಾ ನಿಂತರೆ, ಒಂದೇ ವಸ್ತು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಹತ್ತಿದರೆ, ಐದೇ ನಿಮಿಷದಲ್ಲಿ ಸರಿಹೋದರೂ ಕೂಡ, ಹೊರಡಿ. ತಾನಾಗಿ ಸರಿಹೋದ ಲಕ್ವ ಎಂದರೆ ಇನ್ನೊಂದು ದೊಡ್ಡದು ಬರುವ ಮುನ್ಸೂಚನೆ ಇರಬಹುದು. ಹೊರಡುವ ಗಡಿಬಿಡಿಯಲ್ಲಿ ಇನ್ನೊಂದು ಆಸ್ಪಿರಿನ್ ನುಂಗಿಸಬೇಡಿ. ಅದು ಹೆಪ್ಪೋ ರಕ್ತಸ್ರಾವವೋ ಎಂದು ಸಿ.ಟಿ. ಇಲ್ಲದೆ ನನಗೂ ಹೇಳಲು ಬರುವುದಿಲ್ಲ. ಎರಡಕ್ಕೂ ಚಿಕಿತ್ಸೆ ಒಂದಕ್ಕೊಂದು ವಿರುದ್ಧ. ಬಾಯಿಗೆ ನೀರೂ ಹಾಕಬೇಡಿ. ಎಡ ಮಗ್ಗುಲಿಗೆ ಮಲಗಿಸಿ. ಎಷ್ಟು ಗಂಟೆಗೆ ಶುರುವಾಯಿತು, ಕೊನೆಯ ಸಲ ಚೆನ್ನಾಗಿದ್ದದ್ದನ್ನು ಯಾವಾಗ ನೋಡಿದಿರಿ, ಇವೆರಡನ್ನು ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವಿದೆ. ಅದು ನಿಮ್ಮ ಅತ್ತೆಗೆ ಹೊಂದುತ್ತದೋ ಇಲ್ಲವೋ, ಗಂಟೆ ಗೊತ್ತಿಲ್ಲದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್. ನಿಮ್ಮ ಮನೆಯಿಂದ ಟಾರು ರಸ್ತೆಗೆ ಬರುವ ಹೊತ್ತನ್ನು ಬೇರೆ ಸೇರಿಸಿಕೊಳ್ಳಿ. ಈ ಲೆಕ್ಕವನ್ನು ಇವತ್ತು ಮನಸ್ಸು ಶಾಂತವಾಗಿರುವಾಗಲೇ ಹಾಕಿಡಿ: 108 ನಿಮ್ಮ ಅಂಗಳದವರೆಗೆ ಬರುತ್ತದೆಯೇ, ಇಲ್ಲದಿದ್ದರೆ ರಾತ್ರಿ ಎಬ್ಬಿಸಿದರೂ ಬರುವ ಜೀಪು ಯಾರದು, ಮೊಬೈಲ್ ಸಿಗ್ನಲ್ ಹೋದಾಗ ಯಾವ ಗುಡ್ಡದ ತಲೆಗೆ ಹೋಗಿ ಫೋನ್ ಮಾಡುತ್ತೀರಿ. ಮಣಿಪಾಲದ ಕಡೆ ಹೋಗುವವರಿಗೆ ಆಗುಂಬೆ ಘಾಟಿ ಮಳೆಗಾಲದಲ್ಲಿ ನಂಬುವಂಥದ್ದಲ್ಲ. ಧರೆ ಕುಸಿದರೆ ಅರ್ಧ ದಾರಿಯಿಂದ ಮರಳಬೇಕಾಗುತ್ತದೆ. ಹತ್ತಿರದ ಕ್ಲಿನಿಕ್‌ನಲ್ಲಿ ಬಿ.ಪಿ. ನೋಡಿಸಿಕೊಂಡು ಹೋಗೋಣ ಎಂದು ಇಳಿಯಬೇಡಿ. ಸಿ.ಟಿ. ಇರುವ ಆಸ್ಪತ್ರೆಗೆ ನೇರ ಹೋಗಿ. ಡಿಸ್ಚಾರ್ಜ್ ಕಾಗದ, ಬಲೆಯ ವಿವರ ಇರುವ ಇಂಪ್ಲಾಂಟ್ ಕಾರ್ಡ್, ಮಾತ್ರೆಯ ಚೀಟಿ, ಆಂಜಿಯೋಗ್ರಾಂ ಸಿ.ಡಿ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ. ಬೀರುವಿನಲ್ಲಿಟ್ಟರೆ ಕೀಲಿ ಸಿಗದ ದಿನವೇ ಬೇಕಾಗುತ್ತದೆ.

ಕೂದಲು ಉದುರಿದ್ದು ಎಕ್ಸ್-ರೇಯಿಂದ. ಬಲೆ ಕೂರಿಸುವಾಗ ಗಂಟೆಗಟ್ಟಲೆ ಒಂದೇ ದಿಕ್ಕಿನಿಂದ ಎಕ್ಸ್-ರೇ ಬಿಟ್ಟು ನೋಡಬೇಕಾಗುತ್ತದೆ. ಅದು ತಲೆಯನ್ನು ಹೊಗುವ ಜಾಗದಲ್ಲಿ ಎರಡು ಮೂರು ವಾರದ ನಂತರ ಚೌಕವಾಗಿಯೋ ದುಂಡಗೋ ಕೂದಲು ಉದುರುತ್ತದೆ. ಬೆಳಿಗ್ಗೆ ದಿಂಬಿನ ಮೇಲೆ ಗೊಂಚಲು ಕಂಡು ಹೆಂಗಸರು ಹೆದರಿ ಅಳುವುದನ್ನು ನೋಡಿದ್ದೇನೆ. ಮೊದಲೇ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಬಹುಪಾಲು ಎರಡು ಮೂರು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಆ ಜಾಗ ಕೆಂಪಾಗಿ ಸುಲಿದರೆ ಅಥವಾ ಹುಣ್ಣಾದರೆ ಮಾತ್ರ ತೋರಿಸಿ. ತೊಡೆಸಂದಿನ ಬಗ್ಗೆ ನೀವು ಏನೂ ಬರೆದಿಲ್ಲ, ಚೆನ್ನಾಗಿ ಮಾಗಿರಬೇಕು. ಅಲ್ಲಿ ಬಡಿದುಕೊಳ್ಳುವ ಗಂಟು ಸಿಕ್ಕರೆ ಅಥವಾ ಆ ಕಾಲು ತಣ್ಣಗಾದರೆ ತೋರಿಸಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಸಲ ಉಪ್ಪು ಹಾಕಿದ ಸಾರು. ಎಲ್ಲರೂ ಕೇಳುವುದು ತಲೆನೋವನ್ನು, ಮನೆಯಲ್ಲಿ ನಿಜವಾಗಿ ಭಾರವಾಗುವುದು ಇದು. ನಿಮ್ಮ ಅತ್ತೆಗೆ ಆದದ್ದನ್ನು ಮನೆಯವರು 'ಆಪರೇಷನ್' ಎಂದು ನೆನಪಿಟ್ಟುಕೊಂಡಿದ್ದೀರಿ. ಮೆದುಳಿಗೆ ನೆನಪಿರುವುದು ಆ ಬೆಳಿಗ್ಗೆ ಅದರ ಸುತ್ತ ಒಮ್ಮೆಗೇ ಹರಡಿದ ರಕ್ತ. ಗುಳ್ಳೆ ಮುಚ್ಚಿದ್ದು ಮತ್ತೆ ಒಡೆಯದಿರಲಿ ಎಂದು. ಮೊದಲ ಸಲ ಒಡೆದಾಗ ಆದ ಪೆಟ್ಟನ್ನು ಕಾಯಿಲ್ ವಾಸಿ ಮಾಡುವುದಿಲ್ಲ. ಇಂಥ ರಕ್ತಸ್ರಾವದಿಂದ ಬದುಕಿ ಬಂದವರಲ್ಲಿ ಬಹಳ ಜನಕ್ಕೆ, ಕೈಕಾಲು ಸರಿಯಿದ್ದು ಮಾತು ಸ್ಪಷ್ಟವಾಗಿದ್ದರೂ, ಸುಸ್ತು, ಹೊಸ ಸಂಗತಿ ನೆನಪಿನಲ್ಲಿ ನಿಲ್ಲದಿರುವುದು, ಎರಡು ಕೆಲಸ ಒಟ್ಟಿಗೆ ಮಾಡಲಾಗದಿರುವುದು, ನಿದ್ದೆ ಕೆಡುವುದು, ಅಳು, ಸಿಡುಕು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಒಡೆದ ಗುಳ್ಳೆ ಹಣೆಯ ಹಿಂದಿನ ಭಾಗದ ರಕ್ತನಾಳದ್ದಾದರೆ ಮರೆವೂ ನಿರುತ್ಸಾಹವೂ ಹೆಚ್ಚು.

ಇದು ಸೋಮಾರಿತನ ಅಲ್ಲ, ನಾಟಕ ಅಲ್ಲ, ನಿಮ್ಮ ಮೇಲಿನ ಕೋಪವೂ ಅಲ್ಲ. ನೋಡಲು ಬಂದ ನೆಂಟರು "ಈಗ ಆರಾಮಾಗಿದ್ದಾರಲ್ಲ, ಯಾಕೆ ಮಲಗೋದು" ಎಂದು ಅವರ ಎದುರೇ ಹೇಳುತ್ತಾರೆ. ಆ ಮಾತು ಅವರನ್ನು ಒಳಗೇ ಕೊರೆಯುತ್ತದೆ. ನಲವತ್ತು ವರ್ಷ ಒಲೆಯ ಮುಂದೆ ಕಣ್ಣುಮುಚ್ಚಿ ಉಪ್ಪು ಹಾಕಿದ ಕೈ ಇದು, ತಪ್ಪುತ್ತಿದೆ ಎಂದು ನಿಮಗಿಂತ ಮೊದಲು ಗೊತ್ತಾದದ್ದು ಅವರಿಗೇ. ಅಡಿಗೆಮನೆಯಿಂದ ಅವರನ್ನು ಎಬ್ಬಿಸಿ ಕಳಿಸಬೇಡಿ. ಜೊತೆಗೆ ನಿಂತುಕೊಳ್ಳಿ. ಹಾಕಬೇಕಾದಷ್ಟು ಉಪ್ಪನ್ನು ಮೊದಲೇ ಒಂದು ಬಟ್ಟಲಿಗೆ ತೆಗೆದಿಡಿ, ಬಟ್ಟಲು ಖಾಲಿಯಾಗಿದ್ದರೆ ಹಾಕಿಯಾಗಿದೆ ಎಂದು ಅರ್ಥ. ಮಾತ್ರೆಗೂ ವಾರದ ಏಳು ಮನೆಯ ಡಬ್ಬಿ ತನ್ನಿ. ಒಂದು ಹೊತ್ತಿಗೆ ಒಂದು ಕೆಲಸ. ಕಷ್ಟದ ಕೆಲಸ ಬೆಳಿಗ್ಗೆ, ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಕತ್ತಲೆ ಕೋಣೆಯಲ್ಲಿ ನಿದ್ದೆ. ನೋಡಲು ಬರುವವರನ್ನು ಒಂದೇ ದಿನ ಹತ್ತು ಜನ ಬರದಂತೆ ನೋಡಿಕೊಳ್ಳಿ. ಅಳು ಎರಡು ವಾರ ಮೀರಿ ದಿನವೂ ಇದ್ದರೆ, ಊಟ ನಿದ್ದೆ ಬಿಟ್ಟರೆ, ಬದುಕು ಸಾಕು ಎಂಬ ಮಾತು ಬಂದರೆ ಮನೋವೈದ್ಯರಿಗೆ ತೋರಿಸಿ. ಆ ಖಿನ್ನತೆಗೆ ಔಷಧವಿದೆ. ಆದರೆ ಕೆಲವು ಖಿನ್ನತೆಯ ಮಾತ್ರೆಗಳು ರಕ್ತಸ್ರಾವದ ಸಾಧ್ಯತೆ ಹೆಚ್ಚಿಸುವುದರಿಂದ ಈ ಎರಡು ಮಾತ್ರೆಗಳ ಹೆಸರನ್ನು ಅಲ್ಲಿಯೂ ಹೇಳಿ.

ಮರೆವು ಹೆಚ್ಚಾಗುತ್ತಾ ಹೋದರೆ ಮಾತ್ರ ನನ್ನ ಯೋಚನೆ ಬೇರೆ. ಗುಳ್ಳೆ ಒಡೆದು ರಕ್ತ ಹರಡಿದವರಲ್ಲಿ ಕೆಲವರಿಗೆ ಮೆದುಳಿನ ನೀರು ಇಂಗುವ ದಾರಿ ಕಟ್ಟಿಕೊಂಡು, ವಾರಗಳ ನಂತರ ಒಳಗೆ ನೀರು ತುಂಬುತ್ತದೆ. ಅತ್ತೆಯವರು ಬಚ್ಚಲಿಗೆ ಹೋಗುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಪಾದ ನೆಲಕ್ಕೆ ಅಂಟಿದಂತೆ ಎಳೆದೆಳೆದು ನಡೆಯುತ್ತಾರೆಯೇ? ಹೊಸ್ತಿಲ ಬಳಿ ತಡೆದು ನಿಲ್ಲುತ್ತಾರೆಯೇ? ತಲುಪುವ ಮೊದಲೇ ಮೂತ್ರ ಹೋಗುತ್ತಿದೆಯೇ? ಇದನ್ನು ಅವರು ನಾಚಿಕೆಯಿಂದ ಮುಚ್ಚಿಡುತ್ತಾರೆ, ನೀವೇ ಮೆಲ್ಲಗೆ ಕೇಳಬೇಕು. ನಡಿಗೆ, ಮೂತ್ರ, ಮರೆವು ಮೂರೂ ಸೇರಿ ಕೆಡುತ್ತಿದ್ದರೆ ಈ ವಾರವೇ ಸಿ.ಟಿ. ಮಾಡಿಸಿ. ಶಂಟ್ ಎಂಬ ಸಣ್ಣ ನಳಿಕೆ ಹಾಕಿ ನೀರನ್ನು ಹೊಟ್ಟೆಗೆ ಇಳಿಸಿದರೆ ಹಲವರು ಕಣ್ಣೆದುರೇ ಚೇತರಿಸಿಕೊಳ್ಳುತ್ತಾರೆ. ವಯಸ್ಸಾಯಿತು ಎಂದುಕೊಂಡು ಇದನ್ನು ಕಳೆದುಕೊಳ್ಳುವುದು ನನಗೆ ತೀರಾ ಸಂಕಟದ ವಿಷಯ. ಕಣ್ಣ ಮುಂದೆ ಕಪ್ಪು ಎಳೆ, ಮಸಿ ತೇಲಿದಂತೆ ಕಾಣುತ್ತಿದೆಯೇ ಎಂದೂ ಕೇಳಿ. ತಲೆಯೊಳಗೆ ಗುಳ್ಳೆ ಒಡೆದಾಗ ಕೆಲವರಿಗೆ ಕಣ್ಣಿನೊಳಗೂ ರಕ್ತ ಇಳಿದಿರುತ್ತದೆ, ಕಣ್ಣಿನ ವೈದ್ಯರು ನೋಡಬೇಕು.

ನಿಮ್ಮ ಮಾವನವರ ಇನ್ನೊಂದು ಮಾತಿನಲ್ಲಿ ಸತ್ಯದ ಒಂದು ಎಳೆ ಇದೆ, ತಳ್ಳಿಹಾಕಬೇಡಿ. ಇಟಲಿ ಮೂಲದ ಗೈಡೊ ಗುಗ್ಲಿಯೆಲ್ಮಿ ಎಂಬ ವೈದ್ಯರು ಲಾಸ್ ಏಂಜಲೀಸ್‌ನಲ್ಲಿ ಈ ಬಿಡಿಸಿ ಕೂರಿಸುವ ಕಾಯಿಲನ್ನು ರೋಗಿಯ ಮೇಲೆ ಮೊದಲು ಬಳಸಿದ್ದು 1990ರಲ್ಲಿ. ಅದಕ್ಕೂ ಮೊದಲು ತಲೆಬುರುಡೆ ತೆರೆದು ಗುಳ್ಳೆಯ ಕುತ್ತಿಗೆಗೆ ಕ್ಲಿಪ್ ಹಾಕುವುದೇ ಮುಖ್ಯ ದಾರಿಯಾಗಿತ್ತು. ಎರಡನ್ನೂ ತೂಗಿ ನೋಡಿದ ದೊಡ್ಡ ಅಧ್ಯಯನ 2002ರಲ್ಲಿ ಬಂತು. ಗುಳ್ಳೆ ಒಡೆದ 2143 ರೋಗಿಗಳು ಅದರಲ್ಲಿದ್ದರು. ಒಂದು ವರ್ಷದ ಹೊತ್ತಿಗೆ ತೀರಿಕೊಂಡವರು ಅಥವಾ ಪರಾಧೀನರಾದವರು ಕಾಯಿಲ್‌ನಲ್ಲಿ ಶೇ. 23.7, ಕ್ಲಿಪ್‌ನಲ್ಲಿ ಶೇ. 30.6. ಅಂದರೆ ಎರಡಕ್ಕೂ ಒಗ್ಗುವ ಗುಳ್ಳೆಯಾದರೆ ಕಾಯಿಲ್ ಒಳ್ಳೆಯ ಆಯ್ಕೆಯೇ. ಮಾವನವರ ಮಾತಿನ ಸತ್ಯ ಇರುವುದು ಬಾಳಿಕೆಯಲ್ಲಿ. ಕ್ಲಿಪ್ ಹೆಚ್ಚು ಗಟ್ಟಿ. ಕಾಯಿಲ್‌ನ ಸುರುಳಿ ರಕ್ತದ ಬಡಿತಕ್ಕೆ ಒತ್ತಿಕೊಂಡು ಕುಗ್ಗಬಹುದು, ಗುಳ್ಳೆಯ ಬಾಯಿ ಮತ್ತೆ ತೆರೆಯಬಹುದು. ಸುಮಾರು ಐವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ತೆರೆದುಕೊಳ್ಳುತ್ತದೆ, ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಚಿಕಿತ್ಸೆ ಬೇಕಾಗುತ್ತದೆ. ಇದು ಯಾವ ಲಕ್ಷಣವನ್ನೂ ತೋರಿಸದೆ ನಡೆಯುವಂಥದ್ದು. ಆರನೇ ತಿಂಗಳ ಆಂಜಿಯೋಗ್ರಾಂ ಇರುವುದು ಅದಕ್ಕೇ. ಆರಾಮಾಗಿದ್ದಾರೆ, ಯಾಕೆ ಸುಮ್ಮನೆ ಖರ್ಚು ಎಂದು ಅದನ್ನು ಬಿಡಬೇಡಿ. ಆಮೇಲೂ ಅವರು ಹೇಳಿದ ವರ್ಷಗಳಲ್ಲಿ ಎಂ.ಆರ್.ಐ. ಮಾಡಿಸಿ. ಪ್ಲಾಟಿನಂ ಕಾಯಿಲ್ ಇರುವವರಿಗೆ ಎಂ.ಆರ್.ಐ. ಮಾಡಬಹುದು, ಈಗಿನ ಬಲೆಗಳಿದ್ದರೂ ಮಾಡಬಹುದು. ಇಂಪ್ಲಾಂಟ್ ಕಾರ್ಡ್ ತೋರಿಸಿದರೆ ಸಾಕು.

ಗುಳ್ಳೆ ಮತ್ತೆ ಬೆಳೆಯಲು, ಹೊಸದು ಹುಟ್ಟಲು ಮುಖ್ಯವಾಗಿ ನೀರೆರೆಯುವುದು ಎರಡು: ಏರಿದ ಬಿ.ಪಿ. ಮತ್ತು ತಂಬಾಕು. ವಾರಕ್ಕೆರಡು ಸಲ ಬಿ.ಪಿ. ನೋಡಿ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಉಪ್ಪಿನಕಾಯಿ ನಾಲಿಗೆಗೆ ತಾಗಿಸುವಷ್ಟು ಸಾಕು. ಅತ್ತೆಯವರಿಗೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ರೂಢಿ ಇದ್ದರೆ ಹೊಗೆಸೊಪ್ಪನ್ನು ಇಂದೇ ನಿಲ್ಲಿಸಬೇಕು. ಮನೆಯಲ್ಲಿ ಬೀಡಿ ಸೇದುವ ಗಂಡಸರಿಗೂ ಇದೇ ಮಾತು. ಇದು ನಿಮ್ಮ ಯಜಮಾನರಿಗೂ ಬರುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ತಾಯಿ ಒಬ್ಬರಿಗೇ ಆಗಿದ್ದರೆ ಮಕ್ಕಳೆಲ್ಲರಿಗೂ ಸ್ಕ್ಯಾನ್ ಕಡ್ಡಾಯವೇನಲ್ಲ. ಅವರ ಒಡಹುಟ್ಟಿದವರಲ್ಲೋ ತಂದೆತಾಯಿಯಲ್ಲೋ ಇನ್ನೊಬ್ಬರಿಗೂ ಆಗಿದ್ದರೆ, ಅಥವಾ ಕುಟುಂಬದಲ್ಲಿ ಮೂತ್ರಪಿಂಡದ ತುಂಬ ನೀರುಗುಳ್ಳೆ ಬರುವ ಕಾಯಿಲೆ ಇದ್ದರೆ ಮಾಡಿಸಿ.

ಇನ್ನು ಹೂ. ಧಾರಾಳವಾಗಿ ಮುಡಿಯಲಿ. ಮಳೆಗಾಲದಲ್ಲಿ ಅಂಗಳದ ತುಂಬ ಡೇರೆ ಹೂ ಅರಳುವ ಊರು ನಿಮ್ಮದು. ಉದುರಿದ ಜಾಗದ ಮೇಲೆ ಪಿನ್ನು ಚುಚ್ಚದಂತೆ, ಜಡೆ ಬಿಗಿಯಾಗಿ ಎಳೆಯದಂತೆ, ಒಂದು ಪಕ್ಕಕ್ಕೆ ನೀವೇ ಮುಡಿಸಿ. ಅಗಲವಾದ ಡೇರೆಯಾದರೆ ಆ ಜಾಗವೂ ಮುಚ್ಚುತ್ತದೆ.